ಬೀಳು ಬಿಟ್ಟ ಹೊಲದಲ್ಲಿ ಹಳದಿ ಟಿಟ್ಟಿಭದ ಗೂಡು ಉಳಿಯುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಗರಸುನೆಲ (ಹಿರಿಯೂರು ತಾಲ್ಲೂಕು), 6 ಆಗಸ್ಟ್ 2023

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಎಕರೆ ಮಳೆಯಾಶ್ರಿತ ಹೊಲ. ಕೊಳವೆಬಾವಿ ಬತ್ತಿದ ಮೇಲೆ ಕೂಲಿಯಾಳುಗಳೂ ಸಿಗದಂತಾಗಿ, ದಾರಿಯಿಂದ ದೂರವಿರುವ ಮೂರೂವರೆ ಎಕರೆ ಗರಸು ನೆಲವನ್ನು ಮೂರು ವರ್ಷಗಳಿಂದ ಬೀಳು ಬಿಟ್ಟಿದ್ದೇನೆ. ಉಳಿದ ಭಾಗದಲ್ಲಿ ಶೇಂಗಾ ಮತ್ತು ತೊಗರಿ ಬೆಳೆಯುತ್ತೇನೆ. ಬೀಳು ಬಿಟ್ಟ ಮೊದಲ ಬೇಸಿಗೆಯಲ್ಲೇ ಹಳದಿ ಟಿಟ್ಟಿಭಗಳು (ಯೆಲ್ಲೋ-ವಾಟಲ್ಡ್ ಲ್ಯಾಪ್‌ವಿಂಗ್ ಎಂಬ ಬಯಲು ಹಕ್ಕಿ) ಬಂದು ನೆಲದ ಮೇಲೆ ಮೊಟ್ಟೆಯಿಟ್ಟವು. ಅಂದಿನಿಂದ ಆ ಭಾಗವನ್ನು ಅವುಗಳಿಗೇ ಉಳಿಸಬೇಕೆಂದು ಮನಸ್ಸು ಮಾಡಿದ್ದೇನೆ. ಆದರೆ ಒಂದು ಮರಿಯೂ ಹಾರುವ ಹಂತಕ್ಕೆ ಬೆಳೆದದ್ದನ್ನು ಈವರೆಗೆ ನೋಡಿಲ್ಲ.

ಈ ವರ್ಷ ಮೂರು ಗೂಡುಗಳಾದವು. ಮೊದಲನೆಯದು ಏಪ್ರಿಲ್ ಆರಂಭದ್ದು. ಗೇಣಗಲದ ತಗ್ಗು, ಅದರ ಅಂಚಿಗೆ ಸಣ್ಣ ಕಲ್ಲುಹರಳುಗಳು, ಒಣಗಿದ ಆಡಿನ ಹಿಕ್ಕೆ, ನಡುವೆ ಚೂಪು ತುದಿಗಳನ್ನು ಒಳಮುಖವಾಗಿ ಜೋಡಿಸಿದಂತೆ ನಾಲ್ಕು ಮೊಟ್ಟೆಗಳು. ಯಾರೂ ತುಳಿಯಬಾರದೆಂದು ಸುತ್ತ ನಾಲ್ಕು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದೆ, ಬೆಳಿಗ್ಗೆ ಸಂಜೆ ಹೋಗಿ ನೋಡಿಕೊಂಡು ಬಂದೆ. ನಾಲ್ಕನೆಯ ದಿನ ಮೊಟ್ಟೆಗಳೇ ಇರಲಿಲ್ಲ. ಎರಡನೆಯ ಗೂಡಿನಲ್ಲಿ ತಾಯಿ ಕಾವು ಕೂತಿರುವಾಗಲೇ ಮೇ ತಿಂಗಳ ಕೃತ್ತಿಕಾ ಮಳೆ ಬಿತ್ತು. ನಾನು ಊರಲ್ಲಿಲ್ಲದ ದಿನ ಬಾಡಿಗೆ ಟ್ರ್ಯಾಕ್ಟರ್ ಬಂದದ್ದರಿಂದ ನನ್ನ ತಮ್ಮ ಈ ಬೀಳನ್ನೂ ಸೇರಿಸಿ ಕಲ್ಟಿವೇಟರ್ ಹೊಡೆಸಿಬಿಟ್ಟ. ಮೂರನೆಯದು ಬದುವಿನ ಹತ್ತಿರದ ಉಳದೇ ಉಳಿದ ಪಟ್ಟಿಯಲ್ಲಿತ್ತು. ಎಂಟು ದಿನ ಮದುವೆಗೆಂದು ಹೋಗಿ ಬರುವಷ್ಟರಲ್ಲಿ ಅದೂ ಖಾಲಿಯಾಗಿತ್ತು, ಜೋಡಿ ಹಕ್ಕಿಗಳು ಮಾತ್ರ ತಲೆಯ ಮೇಲೆ ಕೂಗುತ್ತ ಸುತ್ತುತ್ತಿದ್ದವು. ಹಕ್ಕಿಗಳಿಗೆ ಅನುಕೂಲವಾಗಲೆಂದು ಬದುವಿನುದ್ದಕ್ಕೂ ಹೊಂಗೆ, ಬೇವಿನ ಸಸಿಗಳನ್ನು ನೆಟ್ಟು ಎತ್ತರದ ಮುಳ್ಳುಬೇಲಿಯನ್ನೂ ಕಟ್ಟಿಸಿದ್ದೇನೆ. ಇನ್ನೇನು ಮಾಡಬೇಕೋ ತಿಳಿಯದೆ ಕೇಳುತ್ತಿದ್ದೇನೆ.

ಬದುಗಾವಲು (ಗದಗ), 7 ಆಗಸ್ಟ್ 2023

ನಮಸ್ಕಾರ. ನಿಮ್ಮ ಮೂರು ಗೂಡುಗಳಿಗೂ ಒಂದೇ ಕಾರಣ ಹುಡುಕಬೇಡಿ. ಒಂದೊಂದರ ಕಥೆಯೂ ಬೇರೆ ಎಂದು ನನಗನ್ನಿಸುತ್ತದೆ.

ಮೊದಲನೆಯದರಲ್ಲಿ ಬಹುಶಃ ನಿಮ್ಮ ಕಾಳಜಿಯೇ ಮುಳುವಾಯಿತು. ಈ ಹಕ್ಕಿಯ ಗೂಡಿಗೆ ಇರುವ ಮುಖ್ಯ ರಕ್ಷಣೆಯೆಂದರೆ ಅದು ಕಣ್ಣಿಗೆ ಬೀಳದಿರುವುದು. ಮಣ್ಣಿನ ಬಣ್ಣದ ಮೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳು ಗರಸು ಕಲ್ಲಿನಲ್ಲಿ ಎಷ್ಟು ಬೆರೆತುಹೋಗುತ್ತವೆಂದರೆ ಮೂರು ಮಾರು ದೂರದಿಂದ ನಮಗೇ ಕಾಣುವುದಿಲ್ಲ. ಅದರ ಸುತ್ತ ಕೆಂಪು ಬಟ್ಟೆ ಕಟ್ಟಿದಾಗ, ಮನುಷ್ಯ ದಿನಕ್ಕೆರಡು ಬಾರಿ ಅದೇ ಜಾಗಕ್ಕೆ ಬಂದು ಬಗ್ಗಿ ನೋಡಿದಾಗ, ಕಾಗೆಗೆ ಅಲ್ಲೇನೋ ಇದೆಯೆಂದು ತಿಳಿಯುತ್ತದೆ. ಮುಂಗುಸಿ ಮತ್ತು ನಾಯಿ ನಮ್ಮ ಹೆಜ್ಜೆಯ ಜಾಡು ಹಿಡಿದು ಬರುತ್ತವೆ. ಗೂಡು ಗುರುತಿಸಲೇಬೇಕಾದರೆ ಹದಿನೈದು ಇಪ್ಪತ್ತು ಹೆಜ್ಜೆ ದೂರದಲ್ಲಿ, ಅಲ್ಲೇ ಸಿಕ್ಕ ಎರಡು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು. ವಾರಕ್ಕೊಮ್ಮೆ ಬದುವಿನ ಮೇಲೆ ನಿಂತೇ ದುರ್ಬೀನಿನಲ್ಲಿ ನೋಡಿ.

ಎರಡನೆಯದು ಪಂಚಾಂಗದ ಸಮಸ್ಯೆ. ಹಳದಿ ಟಿಟ್ಟಿಭ ಮೊಟ್ಟೆಯಿಡುವ ಮುಖ್ಯ ಕಾಲ ಮಾರ್ಚಿನಿಂದ ಜುಲೈ. ನಾಲ್ಕೂ ಮೊಟ್ಟೆಗಳನ್ನಿಡಲು ಹಲವು ದಿನ, ಆಮೇಲೆ ಕಾವಿಗೆ ಸುಮಾರು ನಾಲ್ಕು ವಾರ, ಮರಿ ಹಾರಲು ಮತ್ತೆ ತಿಂಗಳಿಗೂ ಹೆಚ್ಚು ಬೇಕು. ನಾವು ಭರಣಿ, ಕೃತ್ತಿಕಾ ಮಳೆಗಳಿಗೆ ಕಾದು ಹೊಲ ಹದ ಮಾಡುವುದು ಸರಿಯಾಗಿ ಈ ಅವಧಿಯ ನಡುವೆಯೇ ಬರುತ್ತದೆ.

ಮೂರನೆಯದರ ಬಗ್ಗೆ ಒಂದು ಪ್ರಶ್ನೆ: ಖಾಲಿ ತಗ್ಗಿನ ತಳದಲ್ಲಿ ಏನಾದರೂ ಇತ್ತೇ? ಮರಿ ಒಡೆದು ಹೊರಬಂದರೆ ದೊಡ್ಡ ಚಿಪ್ಪುಗಳನ್ನು ಹಕ್ಕಿ ದೂರ ಒಯ್ದು ಬಿಸಾಡುತ್ತದೆ, ಆದರೆ ಹುಡಿಯಂಥ ಚೂರುಗಳು ತಗ್ಗಿನ ಹರಳುಗಳ ನಡುವೆ ಉಳಿದುಬಿಡುತ್ತವೆ. ಮೊಟ್ಟೆ ಕಳುವಾಗಿದ್ದರೆ ಸಾಮಾನ್ಯವಾಗಿ ಏನೂ ಇರುವುದಿಲ್ಲ, ಇಲ್ಲವೇ ಲೋಳೆ ಮೆತ್ತಿದ ದೊಡ್ಡ ಚಿಪ್ಪುಗಳು ಅಲ್ಲೇ ಬಿದ್ದಿರುತ್ತವೆ.

ಗರಸುನೆಲ, 9 ಆಗಸ್ಟ್ 2023

ಮಳೆಗೆ ಆ ತಗ್ಗು ಮುಚ್ಚಿಹೋಗಿದೆ. ಅಂದು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಈಗ ದೊಡ್ಡದು ಮಾಡಿ ನೋಡಿದೆ. ಹರಳುಗಳ ಸಂದಿನಲ್ಲಿ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಚೂರುಗಳು ಐದಾರು ಕಾಣುತ್ತಿವೆ. ಇಷ್ಟು ದಿನ ಅದನ್ನು ಸುಣ್ಣಕಲ್ಲೆಂದು ತಿಳಿದಿದ್ದೆ. ಹಾಗಾದರೆ ಮರಿಗಳು ಹೊರಬಂದಿದ್ದವೇ? ಬಂದಿದ್ದರೆ ಹೋದದ್ದೆಲ್ಲಿಗೆ?

ಬದುಗಾವಲು, 9 ಆಗಸ್ಟ್ 2023

ಹೊರಬಂದಿದ್ದವು ಎಂದೇ ನನ್ನ ನಂಬಿಕೆ. ತಾಯಿತಂದೆಗಳು ನಿಮ್ಮ ತಲೆಯ ಮೇಲೆ ಕೂಗುತ್ತಿದ್ದುದೂ ಅದಕ್ಕೇ. ಮೊಟ್ಟೆ ಕಳೆದುಕೊಂಡ ಜೋಡಿ ಅಷ್ಟು ಹೊತ್ತು ಸುತ್ತುವುದಿಲ್ಲ. ಮರಿಗಳು ಮೈ ಒಣಗಿದ ಕೆಲವೇ ಗಂಟೆಗಳಲ್ಲಿ ಗೂಡು ಬಿಟ್ಟು ನಡೆಯುತ್ತವೆ, ಅಪಾಯದ ಕೂಗು ಕೇಳಿದೊಡನೆ ನೆಲಕ್ಕೊತ್ತಿಕೊಂಡು ಕಲ್ಲಿನಂತಾಗಿಬಿಡುತ್ತವೆ. ಅಂಥ ಸಮಯದಲ್ಲಿ ನಾವು ಹೊಲದೊಳಗೆ ಅಡ್ಡಾಡಿದರೆ ತುಳಿಯುವ ಭಯವಿದೆ, ದಯವಿಟ್ಟು ಹುಡುಕಬೇಡಿ.

ಅವು ಮುಂದೆ ಬದುಕಲಿಲ್ಲವೆಂದಾದರೆ ಮೇವಿನ ಕಡೆ ನೋಡಬೇಕು. ತಾಯಿ ಮರಿಗೆ ಗುಟುಕು ಕೊಡುವ ಹಕ್ಕಿಯಲ್ಲ ಇದು, ಮರಿ ತಾನೇ ಇರುವೆ, ಗೆದ್ದಲು, ಜೀರುಂಡೆಗಳನ್ನು ಹೆಕ್ಕಿ ತಿನ್ನಬೇಕು. ಮೊಟ್ಟೆಗೆ ಬೋಳು ನೆಲ ಬೇಕು, ಮರಿಗೆ ಅದರ ಪಕ್ಕದಲ್ಲೇ ಹುಳು ಸಿಗುವ ಕುರುಚಲು ಹುಲ್ಲು ಬೇಕು. ಪಕ್ಕದ ಶೇಂಗಾಕ್ಕೆ ಕಳೆನಾಶಕ ಅಥವಾ ಕೀಟನಾಶಕ ಹೊಡೆಯುವಾಗ ಬೀಳಿನ ಅಂಚಿಗೂ ಬೀಳುತ್ತಿದೆಯೇ ಎಂದು ನೋಡಿಕೊಳ್ಳಿ.

ಎರೆಹೊಲ (ಸಿರುಗುಪ್ಪ ಕಡೆ), 12 ಆಗಸ್ಟ್ 2023

ಉಳುಮೆ ನಿಲ್ಲಿಸಿಬಿಡಬೇಕೆಂಬ ಅರ್ಥ ಬರುವುದರಿಂದ ನನ್ನ ಅನುಭವವನ್ನು ಹೇಳಲೇಬೇಕಾಗಿದೆ. ನಾನು ನಾಲ್ಕು ಎಕರೆಯನ್ನು ಏನೂ ಮಾಡದೆ ಬಿಟ್ಟೆ. ಎರಡನೆಯ ಮಳೆಗಾಲಕ್ಕೆ ಪಾರ್ಥೇನಿಯಂ ಸೊಂಟದೆತ್ತರ ಬಂತು. ಬಳ್ಳಾರಿ ಜಾಲಿಯ ಕಾಯಿ ತಿಂದ ದನಕುರಿಗಳ ಸಗಣಿ ಹಿಕ್ಕೆಯಿಂದ ಎಲ್ಲೆಡೆ ಸಸಿ ಎದ್ದು, ನಾಲ್ಕನೆಯ ವರ್ಷ ಅದು ಬಯಲಾಗಿ ಉಳಿಯಲಿಲ್ಲ, ಪೊದೆಯಾಯಿತು. ಟಿಟ್ಟಿಭ, ನೆಲಗುಬ್ಬಿ ಎರಡೂ ಹೋದವು. ಬೀಳು ಬಿಡುವುದೆಂದರೆ ಕೈಬಿಡುವುದಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ.

ಈಗ ನಾನು ಮಾಡುವುದು ಇಷ್ಟೇ: ಹಿಂಗಾರು ಮುಗಿದ ಮೇಲೆ ಜನವರಿ ಕೊನೆಯಿಂದ ಫೆಬ್ರವರಿ ಎರಡನೆಯ ವಾರದೊಳಗೆ ಒಮ್ಮೆ ಒರಟಾಗಿ ಉಳುತ್ತೇನೆ, ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಡುತ್ತೇನೆ. ರೋಟಾವೇಟರ್ ಹೊಡೆದು ಹಿಟ್ಟು ಮಾಡುವುದಿಲ್ಲ, ಏಕೆಂದರೆ ನೆಲಗುಬ್ಬಿ ತನ್ನ ಗೂಡನ್ನು ಹೆಂಟೆಯ ಬುಡದ ನೆರಳಿನಲ್ಲಿ ಮಾಡುತ್ತದೆ. ಇಡೀ ನೆಲವನ್ನೂ ಉಳುವುದಿಲ್ಲ, ಮೂರರಲ್ಲಿ ಎರಡು ಪಾಲು ಉತ್ತು ಒಂದು ಪಾಲನ್ನು ಹುಲ್ಲಿಗೆ ಬಿಡುತ್ತೇನೆ. ಮಾರ್ಚಿನಿಂದ ಜುಲೈ ಕೊನೆಯವರೆಗೆ ಕಬ್ಬಿಣ ನೆಲಕ್ಕೆ ತಾಗುವಂತಿಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲು, ಆಗಸ್ಟಿನಲ್ಲಿ ಮಳೆ ಬಿದ್ದ ಮರುದಿನ, ಕೈಯಿಂದ ಬೇರುಸಹಿತ ಕೀಳಿಸುತ್ತೇನೆ. ಜಾಲಿಯನ್ನು ಮೇಲಿಂದ ಕಡಿದರೆ ಮತ್ತೆ ಹತ್ತು ಕವಲಾಗಿ ಚಿಗುರುತ್ತದೆ, ಆದ್ದರಿಂದ ಸಸಿಯಿರುವಾಗಲೇ ನೆಲದೊಳಗಿನ ಬುಡದ ಗೆಡ್ಡೆ ಸಮೇತ ಅಗೆದು ತೆಗೆಯಬೇಕು.

ಸಸಿ ನೆಟ್ಟದ್ದರ ಬಗ್ಗೆ ಯಾರೂ ಹೇಳಲಿಲ್ಲ. ಮರ ನೆಡುವುದು ಒಳ್ಳೆಯ ಕೆಲಸವೇ, ಆದರೆ ಬಯಲು ಹಕ್ಕಿಗೆ ಬದುವಿನ ಮರ ಕಾಗೆಯ ಕಾವಲುಗೋಪುರ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲಿನಲ್ಲಿ ನೀಲಗಿರಿ ಬೆಳೆದ ಮೇಲೆ ಎರೆಭೂತನಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಅಲ್ಲಿ ಜಾಗವಿಲ್ಲದಂತಾದದ್ದನ್ನು ನಮ್ಮ ಸೀಮೆಯ ಹಿರಿಯರು ಈಗಲೂ ನೊಂದು ಹೇಳುತ್ತಾರೆ. ನಿಮ್ಮ ಹೊಂಗೆ, ಬೇವುಗಳನ್ನು ಮನೆಯ ಕಡೆಯ ಬದುವಿಗೆ ಸಾಗಿಸಿ, ಬೀಳಿನ ಪಕ್ಕದ ಮುಳ್ಳುಬೇಲಿಯನ್ನು ಮೊಣಕಾಲೆತ್ತರಕ್ಕೆ ಇಳಿಸಿ.

ದೂರದೂರು (ಇಂಗ್ಲೆಂಡ್), 13 ಆಗಸ್ಟ್ 2023

ಎರೆಹೊಲದವರ ಮಾತಿಗೆ ಇಲ್ಲಿಂದ ಒಂದು ಬೆಂಬಲ. ನಾನು ಮೂಲತಃ ಚಿತ್ರದುರ್ಗದ ಕಡೆಯವನು, ಇಲ್ಲಿ ಗೋಧಿ ಬೆಳೆಯುವ ಸೀಮೆಯಲ್ಲಿದ್ದೇನೆ. ಇಲ್ಲಿಯ ಜುಟ್ಟಿನ ಟಿಟ್ಟಿಭ ಬಿತ್ತನೆಯ ಹೊಲಗಳಲ್ಲೇ ಗೂಡು ಮಾಡುತ್ತಿತ್ತು. ರೈತರು ಗೋಧಿಯನ್ನು ವಸಂತದ ಬದಲು ಶರತ್ಕಾಲದಲ್ಲೇ ಬಿತ್ತತೊಡಗಿದ ಮೇಲೆ, ಹಕ್ಕಿ ಬರುವ ವೇಳೆಗೆ ಪೈರು ಎತ್ತರವಾಗಿ ಅದಕ್ಕೆ ನೆಲವೇ ಸಿಗದಂತಾಯಿತು. ಅದಕ್ಕೆ ಪರಿಹಾರವಾಗಿ ದೊಡ್ಡ ಹೊಲದ ನಡುವೆ ಒಂದೆರಡು ಹೆಕ್ಟೇರನ್ನು ಬಿತ್ತದೆ, ಮಾರ್ಚ್ ಮೂರನೆಯ ವಾರದೊಳಗೆ ಒರಟಾಗಿ ಉತ್ತು, ಜುಲೈ ಕೊನೆಯವರೆಗೆ ಮುಟ್ಟದೆ ಬಿಡುವ ರೈತರಿಗೆ ಸರ್ಕಾರ ಹಣ ಕೊಡುತ್ತದೆ. ಆ ಜಾಗ ಮರ, ಬೇಲಿ, ವಿದ್ಯುತ್ ತಂತಿಗಳಿಂದ ದೂರವಿರಬೇಕು, ಹತ್ತಿರದಲ್ಲಿ ದನ ಮೇಯುವ ಹುಲ್ಲುಗಾವಲು ಇದ್ದರೆ ಮರಿಗಳಿಗೆ ಒಳ್ಳೆಯದು ಎಂದು ಇಲ್ಲಿಯೂ ಹೇಳುತ್ತಾರೆ.

ಆದರೆ ಇಲ್ಲಿಯ ಹಕ್ಕಿಗೆ ನಮ್ಮ ಏಪ್ರಿಲ್ ಬಿಸಿಲಿಲ್ಲ. ನಮ್ಮ ಟಿಟ್ಟಿಭ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಆದ್ದರಿಂದ ನಿಮ್ಮ ಬೀಳಿನ ಸಮೀಪ ಬೇಸಿಗೆಯಲ್ಲಿ ಆಳವಿಲ್ಲದ ನೀರು ಇದೆಯೇ ನೋಡಿ.

ಗರಸುನೆಲ, 15 ಆಗಸ್ಟ್ 2023

ನೀರಿಲ್ಲ, ಬತ್ತಿದ ಕೊಳವೆಬಾವಿಯ ಹತ್ತಿರ ಹಳೆಯ ಸಿಮೆಂಟ್ ತೊಟ್ಟಿಯೊಂದಿದೆ ಅಷ್ಟೆ. ಇನ್ನೊಂದು ವಿಷಯ ಹೇಳಲು ಮರೆತಿದ್ದೆ: ಪ್ರತಿ ಏಪ್ರಿಲಿನಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುತ್ತೇನೆ, ಅವು ಹಗಲು ಬೀಳಿನಲ್ಲೇ ಮೇಯುತ್ತವೆ. ಅದನ್ನು ಪೂರ್ತಿ ನಿಲ್ಲಿಸಬೇಕೇ?

ಬದುಗಾವಲು, 15 ಆಗಸ್ಟ್ 2023

ನಿಲ್ಲಿಸಬೇಡಿ, ತಿಂಗಳು ಬದಲಿಸಿ. ಆಗಸ್ಟ್ ಕೊನೆಯಿಂದ ಫೆಬ್ರವರಿಯವರೆಗೆ ಕುರಿ ಮೇದರೆ ಹುಲ್ಲು ಗಿಡ್ಡವಾಗಿ ಉಳಿಯುತ್ತದೆ, ಮಂದೆಯ ಗೊಬ್ಬರಕ್ಕೆ ಹುಳುಗಳೂ ಬರುತ್ತವೆ, ಎರಡೂ ಹಕ್ಕಿಗೆ ಅನುಕೂಲ. ಮಾರ್ಚಿನಿಂದ ಮಂದೆಯನ್ನು ಶೇಂಗಾದ ಭಾಗದಲ್ಲಿ ನಿಲ್ಲಿಸಿ, ನಾಯಿಗಳನ್ನು ಕಟ್ಟಲು ಕೇಳಿಕೊಳ್ಳಿ. ಕುರಿಗಾಹಿಗಳಿಗೆ ಗೂಡಿರುವ ಜಾಗ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೂತು ಮಾತಾಡಿ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಒಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದು ನಿಜ, ಆದರೆ ಮಾತನ್ನು ಅಲ್ಲಿಂದ ಆರಂಭಿಸಬೇಡಿ.

ಗರಸುನೆಲ, 28 ಜುಲೈ 2024

ವರ್ಷವಾಗುತ್ತ ಬಂತು, ಆದದ್ದನ್ನು ತಿಳಿಸಬೇಕು. ಸಸಿಗಳನ್ನು ಮಳೆಗಾಲದಲ್ಲೇ ಮನೆಯ ಕಡೆಗೆ ಸಾಗಿಸಿದೆ, ಅರ್ಧದಷ್ಟು ಬದುಕಿವೆ. ಬೇಲಿ ಇಳಿಸಿದೆ. ಫೆಬ್ರವರಿ ಮೊದಲ ವಾರ ಎರಡೂವರೆ ಎಕರೆ ಒರಟಾಗಿ ಉಳುಮೆ ಮಾಡಿಸಿ, ಒಂದು ಎಕರೆ ಹುಲ್ಲಿಗೆ ಬಿಟ್ಟೆ. ತಮ್ಮನಿಗೂ ಟ್ರ್ಯಾಕ್ಟರಿನವನಿಗೂ ಮೊದಲೇ ಹೇಳಿಟ್ಟೆ. ಹಿರಿಯ ಕುರಿಗಾಹಿಯೊಬ್ಬರು ಜನವರಿಗೇ ಮಂದೆ ತಂದರು. ಅಷ್ಟೇ ಅಲ್ಲ, ಏಪ್ರಿಲಿನಲ್ಲಿ ಹಾದುಹೋಗುವಾಗ ತಾವಾಗಿಯೇ ಬದುವಿನ ಹೊರಗಿಂದ ಸುತ್ತಿಕೊಂಡು ಹೋದರು. ತೊಟ್ಟಿಗೆ ಎರಡು ದಿನಕ್ಕೊಮ್ಮೆ ಬಿಂದಿಗೆಯಿಂದ ನೀರು ಹಾಕಿ, ಒಳಗೆ ಕಲ್ಲು ಜೋಡಿಸಿ ಇಳಿಜಾರು ಮಾಡಿದೆ. ಏಪ್ರಿಲಿನ ಒಂದು ಮಧ್ಯಾಹ್ನ ಹಕ್ಕಿ ಆ ಕಲ್ಲಿನ ಮೇಲಿಳಿದು, ಕುಡಿಯದೆ, ಎದೆಯೊತ್ತಿ ಕೂತು ಎದ್ದು, ನೀರು ತೊಟ್ಟಿಕ್ಕುತ್ತಲೇ ಗೂಡಿನ ಕಡೆ ಹಾರಿದ್ದನ್ನು ಕಣ್ಣಾರೆ ಕಂಡೆ.

ಎರಡು ಗೂಡುಗಳಾದವು. ಒಂದು ಹೋಯಿತು, ಬಹುಶಃ ಮುಂಗುಸಿ. ಇನ್ನೊಂದರಿಂದ ಎಷ್ಟು ಮರಿ ಹೊರಟವೋ ಹುಡುಕಲಿಲ್ಲ, ಆದರೆ ಜೂನ್ ಕೊನೆಯಲ್ಲಿ ಎರಡು ಎಳೆಯ ಹಕ್ಕಿಗಳು ತಾಯಿತಂದೆಯರ ಹಿಂದೆ ಹುಲ್ಲಿನ ಪಟ್ಟಿಯಿಂದ ಎದ್ದು ಬದು ದಾಟಿ ಹಾರಿದವು.

ಈಗ ಒಂದು ಪ್ರಶ್ನೆ ಉಳಿದಿದೆ. ಆಗಸ್ಟ್ ಬಂದ ಕೂಡಲೇ ಪಾರ್ಥೇನಿಯಂ ಕೀಳಿಸಬೇಕೆಂದಿದ್ದೆ. ಆದರೆ ಮೂಡಣ ಮೂಲೆಯಲ್ಲಿ ಹೆಂಟೆಯ ಬುಡದಲ್ಲಿ ನೆಲಗುಬ್ಬಿಯೊಂದು ಎರಡು ಮೊಟ್ಟೆಗಳ ಮೇಲೆ ಕೂತಿದೆ.

ಎರೆಹೊಲ, 29 ಜುಲೈ 2024

ತುಂಬ ಸಂತೋಷವಾಯಿತು. ಪಡುವಣ ಕಡೆಯಿಂದ ಕೀಳಿಸುತ್ತ ಬನ್ನಿ, ಆ ಮೂಲೆಯಲ್ಲಿ ಗೂಡಿನ ಸುತ್ತ ಇಪ್ಪತ್ತು ಹೆಜ್ಜೆ ಜಾಗ ಬಿಟ್ಟುಬಿಡಿ. ನೆಲಗುಬ್ಬಿಗೆ ಟಿಟ್ಟಿಭದಷ್ಟು ಕಾಲ ಬೇಕಿಲ್ಲ, ಮೂರು ನಾಲ್ಕು ವಾರ ತಡೆದರೆ ಸಾಕು. ಅಷ್ಟರಲ್ಲಿ ಅಲ್ಲಿಯ ಕಳೆ ಹೂವಿಗೆ ಬಂದರೆ ಗಿಡ ಕೀಳದೆ, ಅಂಚಿನಲ್ಲಿ ನಿಂತು ಕೈಗೆಟುಕುವ ತುದಿಗಳನ್ನು ಮಾತ್ರ ಕತ್ತರಿಸಿ ಚೀಲದಲ್ಲಿ ತುಂಬಿಸಿ.