ಸಹಾಯ ಬೇಕು: ಎದೆನೋವಿರುವ ಅಪ್ಪನಿಗೆ ಅರಿವಳಿಕೆ

ನಮಸ್ಕಾರ, ನಾವು ಮೂಡಿಗೆರೆಯವರು. ಅಪ್ಪನಿಗೆ 66 ವರ್ಷ. ತೋಟದ ಏರು ಹತ್ತಿದರೆ ಎದೆ ಹಿಡಿಯುತ್ತದೆ. ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟರೆ ಇಳಿಯುತ್ತದೆ. ಈಗ ಹಾಸನದಲ್ಲಿ ಹರ್ನಿಯಾ ಆಪರೇಷನ್ ಆಗಬೇಕು.

ಅಕ್ಕ ನರ್ಸ್. ಅರಿವಳಿಕೆಗೆ ಕೆಟಮಿನ್ ಎಂಬ ಔಷಧಿ ಕೊಟ್ಟರೆ ಎದೆಬಡಿತ, ಬಿಪಿ ಎರಡೂ ಏರಿ ಹೃದಯಕ್ಕೆ ಆಕ್ಸಿಜನ್ ಜಾಸ್ತಿ ಬೇಕಾಗುತ್ತದೆ ಅಂದಳು. ಇನ್ನೊಂದು ಅರಿವಳಿಕೆ ಔಷಧಿ ಪ್ರೊಪೊಫಾಲ್‌ನಿಂದ ಬಿಪಿ ಇಳಿಯುತ್ತದೆ. ಬಿಪಿ ತುಂಬಾ ಇಳಿದರೂ ಹೃದಯಕ್ಕೆ ರಕ್ತ ಸಾಲುವುದಿಲ್ಲ, ಅಲ್ವಾ? ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲೂ ಬಿಪಿ ಬೀಳಬಹುದಂತೆ. ಆ ಇಂಜೆಕ್ಷನ್ ಕೊಡಬೇಕಾದರೆ, ರಕ್ತ ಹೆಪ್ಪುಗಟ್ಟದಂತೆ ಅಪ್ಪ ತೆಗೆದುಕೊಳ್ಳುವ ಕ್ಲೋಪಿಡೊಗ್ರೆಲ್ ಮಾತ್ರೆಯನ್ನು 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಂತೆ. ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿ ಇನ್ನೂ 8 ತಿಂಗಳು. ನಿಲ್ಲಿಸಲು ನನಗೆ ತುಂಬಾ ಭಯ.

ಇಲ್ಲಿ ಅರಿವಳಿಕೆ ಡಾಕ್ಟರ್ ಯಾರಾದರೂ ಇದ್ದೀರಾ? ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕುವುದು ಒಳ್ಳೆಯದೇ? ಸೋಮವಾರ ಡಾಕ್ಟರನ್ನು ಏನೇನು ಕೇಳಬೇಕು, ದಯವಿಟ್ಟು ತಿಳಿಸಿ.