ಸಹಾಯ ಬೇಕು: ಪಿ-ಟೌ217 ಏರೋದು ಯಾಕೆ?

ಎಲ್ಲರಿಗೂ ನಮಸ್ಕಾರ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದ್ತಿದ್ದೀನಿ, ಸೋಮವಾರ ಆಲ್‌ಝೈಮರ್ಸ್ ಮೇಲೆ ಸೆಮಿನಾರ್ ಇದೆ. ಟೌ ಪ್ರೋಟೀನಿಗೆ ಫಾಸ್ಫೇಟ್ ವಿಪರೀತ ಅಂಟಿಕೊಂಡ್ರೆ ಅದು ಮೈಕ್ರೊಟ್ಯೂಬ್ಯೂಲ್‌ನಿಂದ (ಕೋಶಕ್ಕೆ ಆಧಾರವಾಗಿರೋ ಸಣ್ಣ ಕೊಳವೆ) ಕಳಚಿ ನರಕೋಶದ ಒಳಗೇ ಗಂಟಾಗುತ್ತೆ, ಅಲ್ಲೀವರೆಗೂ ಸರಿ. ಪಿ-ಟೌ217ರಲ್ಲಿ ಪಿ ಅಂದ್ರೆ ಫಾಸ್ಫೇಟ್, 217 ಅಂದ್ರೆ ಅದು ಅಂಟೋ ಜಾಗ, ಅಂದ್ರೆ 441 ಅಮೈನೋ ಆಮ್ಲಗಳ ಟೌನಲ್ಲಿ 217ನೇ ಜಾಗದ ಥ್ರಿಯೋನಿನ್ ಅನ್ನೋ ಅಮೈನೋ ಆಮ್ಲ, ಅದೂ ಗೊತ್ತು. ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ರಕ್ತದಲ್ಲಿ ಪಿ-ಟೌ217 ಏರೋದು ಮಿದುಳಲ್ಲಿ ಅಮೈಲಾಯ್ಡ್ ಪ್ಲೇಕ್ (ಅಮೈಲಾಯ್ಡ್ ಅನ್ನೋ ಇನ್ನೊಂದು ಪ್ರೋಟೀನಿನ ಗಡ್ಡೆ) ಕಟ್ಟುವಾಗಲೇ, ಪೆಟ್ ಸ್ಕ್ಯಾನ್‌ನಲ್ಲಿ ಟೌ ಗಂಟು ಕಾಣೋಕ್ಕೂ ಮುಂಚೆ. ಆದ್ರೆ ಟೌ ಇರೋದು ಕೋಶದ ಒಳಗೆ, ಪ್ಲೇಕ್ ಇರೋದು ಕೋಶದ ಹೊರಗಲ್ವಾ! ರಿವ್ಯೂ ಪೇಪರ್‌ಗಳನ್ನ ತಿರುವಿ ಹಾಕಿದೆ. ಲ್ಯಾಬಿನ ಸೀನಿಯರ್ ಅಕ್ಕ 'ಕೈನೇಸ್ ಚುರುಕಾಗುತ್ತೆ ಕಣೇ' (ಕೈನೇಸ್ ಅಂದ್ರೆ ಫಾಸ್ಫೇಟ್ ಅಂಟಿಸೋ ಕಿಣ್ವ) ಅಂದು ಸೆಂಟ್ರಿಫ್ಯೂಜ್ ಕಡೆ ಹೋದ್ರು. ಅದು ಅರ್ಧ ಉತ್ತರ ಅಷ್ಟೇ. ನನ್ನ ಪ್ರಶ್ನೆ ಇಷ್ಟು: ಈ ಟೌ ಪ್ರೋಟೀನನ್ನ ಬದುಕಿರೋ ನರಕೋಶವೇ ಅಮೈಲಾಯ್ಡ್‌ಗೆ ಪ್ರತಿಕ್ರಿಯೆಯಾಗಿ ಹೊರಗೆ ಬಿಡುತ್ತಾ, ಇಲ್ಲಾ ಸಾಯ್ತಿರೋ ಕೋಶದಿಂದ ಸೋರುತ್ತಾ? ಯಾವುದಕ್ಕೆ ಪುರಾವೆ ಗಟ್ಟಿ?