ಹಲಸಿನ ಮುಚ್ಚಿಗೆ (ಹಲಗೆಯ ಒಳಛಾವಣಿ) ಆಟಿ ತಿಂಗಳ ಮಳೆಯಲ್ಲಿ ಉಬ್ಬಿತು, ನಾಲಗೆ ಜೋಡಣೆಯಲ್ಲಿ ಎಲ್ಲಿ ತಪ್ಪಿದೆ?

ಪ್ರಶ್ನೆ, ಪೆರ್ಲದ ಹತ್ತಿರದಿಂದ:

ನಮ್ಮದು ಹಂಚಿನ ಮನೆ. ಅಪ್ಪ ನೆಟ್ಟ ಹಲಸಿನ ಮರ ಮೂರು ವರ್ಷದ ಹಿಂದೆ ಗಾಳಿಗೆ ಬಿತ್ತು. ಮಾರಲು ಮನಸ್ಸಾಗಲಿಲ್ಲ. ಮಿಲ್ಲಿನಲ್ಲಿ ಕೊಯ್ಯಿಸಿ, ಮಧ್ಯೆ ಮಧ್ಯೆ ರೀಪು ಕೊಟ್ಟು ಕೊಟ್ಟಿಗೆಯಲ್ಲಿ ಅಟ್ಟಿ ಹಾಕಿದ್ದೆ. ಈ ವರ್ಷ ವಿಷುವಿಗೆ ಮೊದಲು ಚಾವಡಿಗೆ ಮುಚ್ಚಿಗೆ ಮಾಡಿಸಿದೆ. ಕೋಣೆಯ ಅಗಲ 10 ಅಡಿ, ಹಲಗೆ 6 ಇಂಚು ಅಗಲ, 18 ಮಿ.ಮೀ. ದಪ್ಪ. ಒಂದು ಅಂಚಿಗೆ ಉದ್ದಕ್ಕೂ ಚಾಚಿದ ನಾಲಗೆ, ಇನ್ನೊಂದಕ್ಕೆ ಪಕ್ಕದ ಹಲಗೆಯ ನಾಲಗೆ ಕೂರುವ ತೋಡು. ಗಟ್ಟಿಯಾಗಲಿ ಅಂತ ತೋಡಿಗೆಲ್ಲ ಗಮ್ಮು ಹಾಕಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿದೆವು. ಗೋಡೆಯಿಂದ ಗೋಡೆಗೆ ಒಂದು ಕೂದಲೂ ಹೋಗುವ ಹಾಗಿರಲಿಲ್ಲ. ನೋಡಲು ಎಷ್ಟು ಚೆಂದ ಇತ್ತು ಅಂದರೆ, ಅಮ್ಮ ದಿನಾ ಸಂಜೆ ಅಲ್ಲೇ ಕೂತು ಮೇಲೆ ನೋಡುತ್ತಿದ್ದರು.

ಆಟಿಯಲ್ಲಿ ಒಂದು ರಾತ್ರಿ ಕೋವಿ ಹೊಡೆದ ಹಾಗೆ ಶಬ್ದ. ಬೆಳಿಗ್ಗೆ ಅಟ್ಟ ಹತ್ತಿ ನೋಡಿದರೆ, ನಡುವಿನ ನಾಲ್ಕೈದು ಹಲಗೆ ಅಡ್ಡದಿಂದ (ಹಲಗೆ ಹೊರುವ ತೊಲೆಯಿಂದ) ಮೇಲೆದ್ದು ಬೆನ್ನು ಬಾಗಿಸಿ ನಿಂತಿವೆ. ಎರಡು ಕಡೆ ನಾಲಗೆಯೇ ಸೀಳಿದೆ. ಮರ ಒಣಗಿದ್ದೇ ಅಲ್ವಾ, ಹಾಗಾದರೆ ಯಾಕೆ ಹೀಗಾಯ್ತು? ಇದೇ ಹಲಗೆಯನ್ನು ಉಳಿಸಿಕೊಳ್ಳಲು ದಾರಿ ಉಂಟಾ? ಅಪ್ಪನ ಮರ, ಬಿಸಾಡಲು ಕೈ ಬರುವುದಿಲ್ಲ.

ಉತ್ತರ, ಮುಳ್ಳೇರಿಯದಿಂದ, ಮರದ ಕೆಲಸದವ:

ಅಣ್ಣಾ, ಮರದಲ್ಲಿ ತಪ್ಪಿಲ್ಲ. ಚೆನ್ನಾಗಿಯೇ ಒಣಗಿಸಿದ್ದೀರಿ. ಒಣಗಿದ ಮರವೂ ಗಾಳಿಯ ತೇವ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ ಅಂತಲೇ ಹೇಳಬಹುದು. ಬೆಳೆಯುವುದೆಲ್ಲ ಅಗಲಕ್ಕೆ.

ಸಾಗುವಾನಿ ಅಷ್ಟಾಗಿ ಅಲುಗದ ಮರ ಅಂತ ಹೆಸರು. ಅದರ 6 ಇಂಚಿನ ಹಲಗೆಯೂ, ಒಳಗಿನ ತೇವ ನೂರಕ್ಕೆ 5ರಷ್ಟು ಏರಿದರೆ ಹತ್ತಿರ ಹತ್ತಿರ ಒಂದೂವರೆ ಮಿ.ಮೀ. ಹಿಗ್ಗುತ್ತದೆ. ನಿಮ್ಮ ಚಾವಡಿಗೆ 20 ಹಲಗೆ. ಅದೇ ಲೆಕ್ಕ ಹಿಡಿದರೂ 30 ಮಿ.ಮೀ., ಒಂದು ಇಂಚಿಗಿಂತ ಜಾಸ್ತಿ. ಗಮ್ಮು ಹಾಕಿದ್ದರಿಂದ 20 ಹಲಗೆಯೂ ಸೇರಿ ಒಂದೇ ಹಲಗೆಯಾಯಿತು. ಎರಡೂ ಬದಿ ಗೋಡೆ. ಅದು ಎಲ್ಲಿಗೆ ಹೋಗಬೇಕು? ಮೇಲಕ್ಕೇ ಎದ್ದಿತು.

ನಾಲಗೆ ಇಡುವುದು ಹಲಗೆಗಳನ್ನು ಒಂದೇ ಮಟ್ಟದಲ್ಲಿ ಹಿಡಿಯಲು, ಸಂದಿನಲ್ಲಿ ಧೂಳು ಬೀಳದ ಹಾಗೆ ನೋಡಲು. ಅಂಟಿಸಲು ಅಲ್ಲ. 18 ಮಿ.ಮೀ. ಹಲಗೆಗೆ ಮೂರರಲ್ಲಿ ಒಂದು ಪಾಲು, ಅಂದರೆ 6 ಮಿ.ಮೀ. ದಪ್ಪದ ನಾಲಗೆ. ನಾಲಗೆ ಹೊರಗೆ ಚಾಚುವುದು 8 ಮಿ.ಮೀ., ತೋಡಿನ ಆಳ 9. ಬೇಸಿಗೆಯಲ್ಲಿ ಕೂರಿಸುವಾಗ ಪ್ರತಿ ಸಂದಿನಲ್ಲಿ ಎರಡು ಹಳೆ ಎಟಿಎಂ ಕಾರ್ಡ್ ಜೋಡಿಸಿ ಇಡಿ. ಸರಿಯಾಗಿ ಒಂದೂವರೆ ಮಿ.ಮೀ. ಆಗುತ್ತದೆ. ಆಮೇಲೆ ತೆಗೆದುಬಿಡಿ. ಎರಡೂ ಗೋಡೆಯ ಹತ್ತಿರ ಅರ್ಧ ಇಂಚು ಬಿಟ್ಟು, ಕೆಳಗಿನಿಂದ ಪಟ್ಟಿ ಹೊಡೆದು ಮುಚ್ಚಿ. ಆ ಪಟ್ಟಿಯ ಮೊಳೆ ಗೋಡೆಗೆ ಹೋಗಬೇಕು, ಹಲಗೆಗೆ ಅಲ್ಲ.

ಹಲಗೆಗೆ ಮೊಳೆ ಒಂದು ಅಡ್ಡಕ್ಕೆ ಒಂದೇ. ನಾಲಗೆಯ ಬುಡದಲ್ಲಿ ಓರೆಯಾಗಿ. ಇನ್ನೊಂದು ಅಂಚನ್ನು ಪಕ್ಕದ ಹಲಗೆಯ ನಾಲಗೆಯೇ ಹಿಡಿಯುತ್ತದೆ. ಎರಡೂ ಅಂಚಿಗೆ ಹೊಡೆದರೆ, ಒಣಗುವಾಗ ಹಲಗೆ ನಡುವಿನಲ್ಲಿ ಬಿರಿಯುತ್ತದೆ.

ಉತ್ತರ, ಬದಿಯಡ್ಕದಿಂದ:

ನಮ್ಮ ಅಜ್ಜನ ಮನೆ ಮುಚ್ಚಿಗೆಯಲ್ಲಿ ನಾಲಗೆಯೇ ಇಲ್ಲ. ಅಂಚನ್ನು ಅರ್ಧ ದಪ್ಪ ಕಡಿದು ಒಂದರ ಮೇಲೊಂದು ಕೂರಿಸಿದ್ದಾರೆ. ಬೇಸಿಗೆಯಲ್ಲಿ ಸಂದು ಕಾಣುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಅಂಚಿಗೆ ಸಣ್ಣ ಇಳಿಜಾರು ಕೀಸಿದ್ದರಿಂದ ಸಂದು ಗೆರೆಯ ಹಾಗೆ ಚೆಂದವೇ ಕಾಣುತ್ತದೆ. ನೀವೂ ಆ ಇಳಿಜಾರು ಮಾಡಿಸಿ. ಇನ್ನೊಂದು ವಿಷಯ, ಹಲಸು ಹೊಸತರಲ್ಲಿ ಹಳದಿ, ಬರಬರುತ್ತಾ ಕಂದು. ಸಂದು ಬಿಚ್ಚಿದಾಗ ನಾಲಗೆ ಮಾತ್ರ ಹಳದಿ ಪಟ್ಟಿಯಾಗಿ ಎದ್ದು ಕಾಣದಿರಲು, ಕೂರಿಸುವ ಮೊದಲೇ ನಾಲಗೆಗೂ ಹಲಗೆಯ ಬೆನ್ನಿಗೂ ಎಣ್ಣೆ ಹಚ್ಚಿ.

ಪ್ರಶ್ನೆ ಕೇಳಿದವನಿಂದ:

ಈಗ ಅರ್ಥವಾಯಿತು. ನಾನೇ ನಿಂತು ಬಿಗಿಯಾಗಿ ಬಡಿಸಿದ್ದು. ಆದರೆ ಗಮ್ಮು ಬಿಡುವುದಿಲ್ಲ, ಎಳೆದರೆ ತೋಡಿನ ತುಟಿಯೇ ಒಡೆಯುತ್ತದೆ. ಏನು ಮಾಡಲಿ?

ಉತ್ತರ, ಮುಳ್ಳೇರಿಯದಿಂದ:

ಎಳೆಯಲೇಬೇಡಿ. ಸಂದಿನ ಗೆರೆಯಲ್ಲೇ ಗರಗಸದಿಂದ ಸೀಳಿ. ನಾಲಗೆ ಹೋಗುತ್ತದೆ, ಹೋಗಲಿ. ಎರಡೂ ಅಂಚು ಕೀಸಿ ನೇರ ಮಾಡಿ, ಹಳೆ ನಾಲಗೆಯ ತುಂಡು ಸಿಕ್ಕಿಕೊಂಡ ಕಡೆಯೂ ಸೇರಿ, ಎರಡಕ್ಕೂ ರೌಟರಿನಲ್ಲಿ ಹೊಸದಾಗಿ 6 ಮಿ.ಮೀ. ತೋಡು ಹಾಕಿಸಿ. ನಡುವೆ 6 ಮಿ.ಮೀ. ಪ್ಲೈವುಡ್ಡಿನ ಪಟ್ಟಿಯನ್ನು ಬಿಡಿ ನಾಲಗೆಯಾಗಿ ಕೊಡಿ. ಪಟ್ಟಿಯ ಒಂದು ಬದಿಗೆ ಗಮ್ಮು ಹಾಕಬಹುದು, ಇನ್ನೊಂದು ಬದಿ ಖಾಲಿ ಇರಲಿ. ಹಲಗೆ ಸ್ವಲ್ಪ ಕಿರಿದಾಗಿ, ಕೊನೆಗೆ ಒಂದು ಹಲಗೆ ಜಾಸ್ತಿ ಬೇಕಾಗಬಹುದು.

ಈಗಲೇ ಕೂರಿಸಬೇಡಿ. ಬಿಡಿಸಿ, ಚಪ್ಪಟೆಯಾಗಿ ಅಟ್ಟಿ, ಮೇಲೆ ಭಾರ ಇಟ್ಟು, ಜನವರಿವರೆಗೆ ಕಾಯಿರಿ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಮೊದಲು ಕೆಲಸ ಮುಗಿದರೆ ಸಾಕು.

ಪ್ರಶ್ನೆ ಕೇಳಿದವನಿಂದ:

ಕೊಟ್ಟಿಗೆಯಲ್ಲಿ ಅದೇ ಮರದ ಮೂರು ಹಲಗೆ ಇನ್ನೂ ಉಂಟು. ನಾಳೆಯೇ ಬಿಡಿಸಲು ಶುರು ಮಾಡುತ್ತೇನೆ. ಎರಡು ಹಳೆ ಕಾರ್ಡ್ ಅಮ್ಮನೇ ಪೆಟ್ಟಿಗೆಯಿಂದ ಹುಡುಕಿ ಕೊಟ್ಟಿದ್ದಾರೆ.